ಓಣಿಗೆ ತೆರೆದ ಬಾಗಿಲು

ನೇಪಲ್ಸ್ ನಗರದ ಹಳೆಯ ಓಣಿಯಲ್ಲಿ ಬೆಳಗಿನ ಹೊತ್ತು ನಿಂತವರ ತಲೆಯ ಮೇಲೆ ಇವತ್ತಿಗೂ ಒಮ್ಮೊಮ್ಮೆ ಒಂದು ಬುಟ್ಟಿ ಇಳಿದು ಬರುತ್ತದೆ. ನಾಲ್ಕನೆಯ ಮಹಡಿಯ ಬಾಲ್ಕನಿಯಿಂದ ಹಗ್ಗ ಕಟ್ಟಿ ಬಿಟ್ಟದ್ದು. ಅದರೊಳಗೆ ಒಂದಿಷ್ಟು ಚಿಲ್ಲರೆ, ಕೆಲವು ಸಲ ಸಾಮಾನಿನ ಚೀಟಿ. ಕೆಳಗಿನ ಅಂಗಡಿಯವನು ದುಡ್ಡು ತೆಗೆದುಕೊಂಡು ಬ್ರೆಡ್ಡು, ಹಾಲು, ಒಂದು ಕಟ್ಟು ಸೊಪ್ಪು ಇಟ್ಟು ಹಗ್ಗ ಜಗ್ಗುತ್ತಾನೆ. ಬುಟ್ಟಿ ಗೋಡೆಗೆ ತಾಕುತ್ತ, ಓಲಾಡುತ್ತ ಮೇಲೇರುತ್ತದೆ. ಊರಿನವರು ಇದನ್ನು ‘ಪನಾರೊ’ ಎನ್ನುತ್ತಾರೆ. ಬ್ರೆಡ್ಡಿನ ಬುಟ್ಟಿ ಎಂಬರ್ಥದ ಲ್ಯಾಟಿನ್ ಪದದಿಂದ ಬಂದ ಹೆಸರು. ಲಿಫ್ಟ್ ಇಲ್ಲದ ಐದಾರು ಅಂತಸ್ತಿನ ಕಟ್ಟಡದಲ್ಲಿ ಮಂಡಿ ನೋವಿನ ಅಜ್ಜಿಯನ್ನೂ ಬೀದಿಯನ್ನೂ ಕೂಡಿಸಿರುವುದು ಈ ಹಗ್ಗವೇ. 2020ರಲ್ಲಿ ಕೊರೋನಾ ಬಂದು ಇಟಲಿಯೆಲ್ಲ ಬಾಗಿಲು ಮುಚ್ಚಿಕೊಂಡಾಗ ಇದೇ ಬುಟ್ಟಿಗೆ ಇನ್ನೊಂದು ಕೆಲಸ ಬಂತು. ಪಾಸ್ತಾ, ಟೊಮೆಟೊ ಡಬ್ಬಿ ತುಂಬಿದ ಬುಟ್ಟಿಗಳನ್ನು ಓಣಿಯಲ್ಲಿ ನೇತುಹಾಕಿ, ಉಳ್ಳವರು ಹಾಕಿ, ಇಲ್ಲದವರು ತೆಗೆದುಕೊಳ್ಳಿ ಎಂಬ ಬರಹ ಅಂಟಿಸಿದರು. ಕೈ ನೀಡಿದವರಾರು, ಕೈ ಒಡ್ಡಿದವರಾರು ಎಂದು ಯಾರೂ ಕೇಳಬೇಕಾಗಿರಲಿಲ್ಲ.

ಬುಟ್ಟಿ ಇಳಿಯುವ ನೆಲದಲ್ಲಿ ಇನ್ನೊಂದು ಲೋಕವಿದೆ. ಅದಕ್ಕೆ ‘ಬಾಸ್ಸೊ’ ಎಂದು ಹೆಸರು, ಅಂದರೆ ಕೆಳಗಿನದು. ನೆಲಮಟ್ಟದ ಒಂದೇ ಕೋಣೆ, ಹೆಚ್ಚೆಂದರೆ ಎರಡು. ಬಹಳ ಕಡೆ ಬಾಗಿಲೇ ಕಿಟಕಿ, ಬಾಗಿಲೇ ಹೊಗೆ ಹೋಗುವ ದಾರಿ, ಬಾಗಿಲೇ ಬೆಳಕು. ಒಳಗೆ ದೊಡ್ಡ ಮಂಚ, ಮೇಜು, ಒಲೆ, ಗೋಡೆಯ ಮೇಲೆ ಮಾತೆ ಮರಿಯಳ ಚಿತ್ರ, ತೀರಿಹೋದ ಹಿರಿಯರ ಫೋಟೊ. ಇಂಥ ಕೋಣೆಯಲ್ಲಿ ಆರೇಳು ಮಂದಿ ಇದ್ದರೆ ಕುರ್ಚಿ ಹೊರಗೆ ಹೋಗಲೇಬೇಕು. ಕುರ್ಚಿಯ ಹಿಂದೆ ತರಕಾರಿ ಹೆಚ್ಚುವ ಹಲಗೆ, ಅದರ ಹಿಂದೆ ಮಗುವಿನ ತೊಟ್ಟಿಲು, ಬಟ್ಟೆ ಒಣಗಿಸುವ ಸ್ಟ್ಯಾಂಡು, ಕೊನೆಗೆ ಮಾತು, ಜಗಳ, ರಾಜಿ ಎಲ್ಲವೂ ಹೊಸ್ತಿಲು ದಾಟಿ ಬರುತ್ತವೆ.

ಇಟಲಿಯ ಓಣಿಯ ಬದುಕಿನ ಬೇರು ಇರುವುದು ಇಲ್ಲಿ. ಮನೆಯೊಳಗೆ ಹಿಡಿಸದೆ ಉಕ್ಕಿದ ಸಂಸಾರ ಬೀದಿಯನ್ನು ತನ್ನ ಪಡಸಾಲೆ ಮಾಡಿಕೊಂಡಿತು. ಅದರ ಬಗ್ಗೆ ಎರಡು ಶತಮಾನಗಳಿಂದ ಬರೆದವರಲ್ಲಿ ಕೆಲವರಿಗೆ ಅದು ರೋಗದ ಗೂಡಾಗಿ ಕಂಡಿದೆ, ಕೆಲವರಿಗೆ ಎಂದೂ ಮುಗಿಯದ ಜಾತ್ರೆಯಾಗಿ. ಇಬ್ಬರೂ ಕಂಡದ್ದು ನಿಜವೇ. ಆದರೆ ರೋಗವನ್ನು ಕಂಡವರು ಓಣಿಯನ್ನೇ ಕೆಡವಲು ಹೊರಟರು, ಜಾತ್ರೆಯನ್ನು ಕಂಡವರು ಅದನ್ನು ಕೊಳ್ಳಲು ಹೊರಟಿದ್ದಾರೆ. ಅಲ್ಲಿ ಇರುವವರು ಅಲ್ಲೇ ಇರಬೇಕಾದರೆ ಏನು ಬೇಕು ಎಂದು ಕೇಳಿದವರು ತೀರ ಕಡಿಮೆ.

ಓಣಿ ಇಷ್ಟು ಇಕ್ಕಟ್ಟಾದದ್ದಕ್ಕೆ ಕಾರಣಗಳು ಊರಿಂದೂರಿಗೆ ಬೇರೆ. ಗುಡ್ಡದ ಮೇಲಿನ ಕೋಟೆಯೂರುಗಳಲ್ಲಿ ಜಾಗವೇ ಇರಲಿಲ್ಲ. ಹೇರು ಹೊತ್ತ ಹೇಸರಗತ್ತೆ ದಾಟಿದರೆ ಸಾಕಿತ್ತು. ದಕ್ಷಿಣದಲ್ಲಿ ಬಿಸಿಲು ನೆಲಕ್ಕೆ ಬೀಳದಿರಲಿ ಎಂಬುದೂ ಸೇರಿತು. ಮಾರ್ಕೆ ಸೀಮೆಯ ರಿಪಾತ್ರನ್ಸೋನೆ ಎಂಬ ಊರಿನ ಒಂದು ಓಣಿ 43 ಸೆಂಟಿಮೀಟರ್ ಅಗಲವಿದೆ, ವೆನಿಸ್‌ನ ವರಿಸ್ಕೊ ಓಣಿ 53. ದಪ್ಪ ಮೈಯವರು ಅಡ್ಡಡ್ಡಲಾಗಿ ಸರಿದು ಹೋಗಬೇಕು.

ನೇಪಲ್ಸ್‌ನ ಕಥೆಯಲ್ಲಿ ಸರ್ಕಾರದ ಕೈ ಸ್ಪಷ್ಟವಾಗಿ ಕಾಣುತ್ತದೆ. 1530ರ ದಶಕದಲ್ಲಿ ಸ್ಪೇನಿನ ರಾಜಪ್ರತಿನಿಧಿ ಪೆದ್ರೊ ದೆ ತೊಲೆದೊ ತನ್ನ ಹೆಸರಿನ ನೇರ ಬೀದಿಯೊಂದನ್ನು ಹಾಕಿಸಿದ. ಅದರ ಪಶ್ಚಿಮದ ಇಳಿಜಾರಿನಲ್ಲಿ ಸೈನಿಕರಿಗೆಂದು ಚೌಕಟ್ಟು ಚೌಕಟ್ಟಾದ ಕೇರಿಗಳು ಎದ್ದವು. ‘ಕ್ವಾರ್ತಿಯೆರಿ ಸ್ಪಾನ್ಯೋಲಿ’, ಅಂದರೆ ಸ್ಪೇನಿನವರ ಕೇರಿ, ಅದೇ. ಊರಿಗೆ ಜನ ನುಗ್ಗಿ ಬರುತ್ತಿದ್ದಾಗಲೇ ಕೋಟೆಗೋಡೆಯ ಹೊರಗೆ ಮನೆ ಕಟ್ಟಬಾರದೆಂಬ ಆಜ್ಞೆಗಳೂ ಹೊರಟವು. ಅಗಲಕ್ಕೆ ಬೆಳೆಯಲಾಗದ ಊರು ಎತ್ತರಕ್ಕೆ ಬೆಳೆಯಿತು. ಸೈನಿಕರು ಹೋದರೂ ಕೇರಿಯ ಅಳತೆ ಬದಲಾಗಲಿಲ್ಲ. 17ನೇ ಶತಮಾನದ ಹೊತ್ತಿಗೆ ನೇಪಲ್ಸ್ ಯುರೋಪಿನಲ್ಲೇ ಅತಿ ಹೆಚ್ಚು ಜನ ಕಿಕ್ಕಿರಿದ ನಗರಗಳಲ್ಲಿ ಒಂದು. 1656ರ ಪ್ಲೇಗು ಅಲ್ಲಿನ ಸುಮಾರು ಅರ್ಧದಷ್ಟು ಜನರನ್ನು ಕೊಂದದ್ದಕ್ಕೂ ಈ ಒತ್ತೊತ್ತಿಗೂ ನೇರ ಸಂಬಂಧವಿದೆ.

ಆ ನೇಪಲ್ಸ್‌ಗೆ ಕನ್ನಡ ನಾಡಿನ ಸುದ್ದಿಯೂ ಒಮ್ಮೆ ಹೋಗಿತ್ತು. ರೋಮಿನ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲ್ಲೆ 1623ರಲ್ಲಿ ವೆಂಕಟಪ್ಪ ನಾಯಕನ ಇಕ್ಕೇರಿಗೆ ಬಂದ. ಅಲ್ಲಿಂದ ಮುಂದೆ ಉಳ್ಳಾಲದ ಕಡೆಗೂ ಹೋದ. ಕಂಡದ್ದನ್ನೆಲ್ಲ ಕಾಗದದಲ್ಲಿ ಬರೆದ. ಆ ಕಾಗದಗಳು ನೇಪಲ್ಸ್‌ನ ವೈದ್ಯ ಗೆಳೆಯ ಮಾರಿಯೊ ಸ್ಕಿಪಾನೊನಿಗೆ ಬರೆದವು. ಇಕ್ಕೇರಿಯ ಬೀದಿಯಲ್ಲಿ ಸಂಜೆ ಹೆಣ್ಣುಮಕ್ಕಳು ಕೋಲು ಹಿಡಿದು ಕುಣಿಯುತ್ತಿದ್ದುದನ್ನೂ ಅವನು ಬಿಡದೆ ದಾಖಲಿಸಿದ್ದಾನೆ. ಬೀದಿ ನೋಡಲು ಕಲಿತ ಕಣ್ಣು ಎಲ್ಲಿ ಹೋದರೂ ಬೀದಿಯನ್ನೇ ಹುಡುಕುತ್ತದೆ.

ಓಣಿಗೆ ತನ್ನದೇ ಗಡಿಯಾರವಿದೆ. ಬೆಳಗ್ಗೆ ಅಂಗಡಿಯ ಶಟರ್ ಎಳೆಯುವ ಸದ್ದು, ಕಾಫಿಯ ವಾಸನೆ, ಮೆಟ್ಟಿಲು ತೊಳೆದ ನೀರು ಕಲ್ಲುಹಾಸಿನ ಮೇಲೆ ಹರಿಯುವುದು. ಹತ್ತು ಗಂಟೆಯ ಹೊತ್ತಿಗೆ ಬಟ್ಟೆ ಹಗ್ಗಕ್ಕೆ ಏರುತ್ತದೆ. ಎದುರು ಮನೆಗಳ ನಡುವೆ ರಾಟೆಯ ಮೇಲೆ ಓಡುವ ಹಗ್ಗ ಅದು. ಎರಡೂ ಕಡೆಯವರಿಗೆ ಸೇರಿದ್ದಾದ್ದರಿಂದ ಯಾವ ದಿನ ಯಾರ ಸರದಿ ಎಂಬ ಒಪ್ಪಂದ ಬೇಕು. ಒದ್ದೆ ಚಾದರದ ನೀರು ಕೆಳಗಿನ ಮನೆಯವರ ಒಣಗಿದ ಅಂಗಿಯ ಮೇಲೆ ತೊಟ್ಟಿಕ್ಕಿದರೆ ದೊಡ್ಡ ಜಗಳ. ಮಧ್ಯಾಹ್ನದ ಊಟವಾಗಿ ಎರಡು ಗಂಟೆ ದಾಟಿದ ಮೇಲೆ ಎಲ್ಲವೂ ಸ್ತಬ್ಧ. ದಕ್ಷಿಣದವರು ಈ ಹೊತ್ತನ್ನು ‘ಕೊಂತ್ರೋರಾ’ ಎನ್ನುತ್ತಾರೆ; ಹೊತ್ತಿಗೆ ಎದುರಾದ ಹೊತ್ತು ಎಂದು ಅದರ ಅರ್ಥ. ಬಿಸಿಲಿನ ದಿನಗಳಲ್ಲಿ ಮಕ್ಕಳು ಬೀದಿಗಿಳಿಯದಿರಲೆಂದು ಆ ಹೊತ್ತಿನಲ್ಲಿ ಭೂತ ತಿರುಗುತ್ತದೆ ಎಂದು ಹಳಬರು ಹೆದರಿಸುತ್ತಿದ್ದರು. ನಾಲ್ಕು, ಐದರ ಮೇಲೆ ಮತ್ತೆ ಜೀವ. ಕುರ್ಚಿಗಳು ಹೊರಗೆ ಬರುತ್ತವೆ, ಬಟಾಣಿ ಸುಲಿಯುವ ಬೋಗುಣಿ ಮಡಿಲಿಗೆ ಬರುತ್ತದೆ, ಹುಡುಗರ ಚೆಂಡು ಗೋಡೆಗೆ ಬಡಿಯುತ್ತದೆ. ಇಸ್ತ್ರಿ ಮಾಡಿದ ಅಂಗಿ ತೊಟ್ಟು ದೊಡ್ಡ ಬೀದಿಯಲ್ಲಿ ಸುಮ್ಮನೆ ಆ ತುದಿಯಿಂದ ಈ ತುದಿಗೆ ನಡೆಯುವ ಹೊತ್ತೂ ಇದೇ.

ಇಲ್ಲಿ ಸಂಬೋಧನೆಗೂ ಕ್ರಮವಿದೆ. ವಯಸ್ಸಾದ ಹೆಂಗಸನ್ನು ಬರೀ ಹೆಸರು ಹಿಡಿದು ಕೂಗುವಂತಿಲ್ಲ. ಮುಂದೆ ‘ದೊನ್ನಾ’ ಸೇರಬೇಕು, ಗಂಡಸಾದರೆ ‘ದೊನ್’. ಇನ್ನೂ ಆಪ್ತರಾದರೆ ರಕ್ತಸಂಬಂಧ ಇರಲಿ ಬಿಡಲಿ ಚಿಕ್ಕಮ್ಮ, ಮಾವ ಎಂದೇ ಕರೆಯುತ್ತಾರೆ. ಮಗುವಿನ ನಾಮಕರಣದಲ್ಲಿ ಕೈಹಿಡಿದ ನೆರೆಯವಳು ‘ಕೊಮ್ಮಾರೆ’ ಆಗುತ್ತಾಳೆ. ಆ ನಂಟು ಸಾಯುವವರೆಗೂ ಉಳಿಯುತ್ತದೆ. ಕಿರಾಣಿ ಅಂಗಡಿಯ ಉದ್ರಿ ಪುಸ್ತಕ ನಡೆಯುತ್ತಿದ್ದುದೂ ಈ ನಂಟಿನ ಮೇಲೆಯೇ. ನೇಪಲ್ಸ್‌ನ ಓಣಿಗಳಲ್ಲಿ ಕರಿದ ಪಿಜ್ಜಾವನ್ನು ಇವತ್ತು ತಿಂದು ಎಂಟು ದಿನಕ್ಕೆ ದುಡ್ಡು ಕೊಡುವ ರೂಢಿ ಇತ್ತು. 1954ರ ವಿತ್ತೋರಿಯೊ ದೆ ಸಿಕಾ ಚಿತ್ರ ‘ಲೋರೊ ದಿ ನಾಪೋಲಿ’ಯಲ್ಲಿ ಸೋಫಿಯಾ ಲೊರೆನ್ ಆಡಿದ್ದು ಅಂಥ ಪಿಜ್ಜಾ ಮಾರುವವಳ ಪಾತ್ರವನ್ನೇ. ಬಾರಿನಲ್ಲಿ ತಾನು ಕುಡಿದ ಒಂದು ಕಾಫಿಗೆ ಎರಡರ ದುಡ್ಡು ಕೊಟ್ಟು, ಕೈಯಲ್ಲಿ ಕಾಸಿಲ್ಲದೆ ಬರುವ ಗುರುತಿಲ್ಲದವನಿಗೆ ಇನ್ನೊಂದನ್ನು ಮೀಸಲಿಡುವ ಪದ್ಧತಿಯೂ ಇದೇ ಊರಿನದು.

ರಾತ್ರಿಯ ಬೆಳಕಿನ ಕಥೆ ಇನ್ನೂ ಸೊಗಸು. 18ನೇ ಶತಮಾನದಲ್ಲಿ ಕತ್ತಲ ಓಣಿಗಳಿಗೆ ದೀಪ ಹಾಕಿಸಿದಷ್ಟೂ ಕಳ್ಳರು ಒಡೆದುಹಾಕುತ್ತಿದ್ದರು. ಪಾದ್ರಿ ಗ್ರೆಗೋರಿಯೊ ರೊಕ್ಕೊ ಒಂದು ಉಪಾಯ ಹೂಡಿದ. ಮೂಲೆ ಮೂಲೆಗೆ ಮಾತೆ ಮರಿಯಳ, ಸಂತರ ಗೂಡುಗಳನ್ನು ಮಾಡಿಸಿ ದೀಪವನ್ನು ಅದರ ಮುಂದೆ ಇಡಿಸಿದ. ದೇವರ ದೀಪಕ್ಕೆ ಕಲ್ಲೆಸೆಯುವ ಧೈರ್ಯ ಯಾವ ಕಳ್ಳನಿಗೂ ಬರಲಿಲ್ಲ. ಎಣ್ಣೆಯ ಖರ್ಚನ್ನು ಓಣಿಯವರೇ ವಹಿಸಿಕೊಂಡರು. ಆ ಗೂಡುಗಳಲ್ಲಿ ನೂರಾರು ಇಂದಿಗೂ ಇವೆ. ಹೂ ಬದಲಿಸುವ, ಗಾಜು ಒರೆಸುವ ಕೆಲಸ ಎದುರುಮನೆಯವರದು.

ಬೇರೆ ಊರುಗಳಲ್ಲಿ ಓಣಿಯ ಹೆಸರೂ ಬೇರೆ, ಸ್ವಭಾವವೂ ಬೇರೆ. ಜಿನೋವಾದಲ್ಲಿ ಅದು ‘ಕರೂಜಿ’. ಬಂದರಿನಿಂದ ಮೇಲಕ್ಕೆ ಹೆಣೆದುಕೊಂಡ ಈ ಸಂದಿಗಳಲ್ಲಿ ಮನೆಗಳ ನಂಬರು ಕಪ್ಪು, ಅಂಗಡಿಗಳ ನಂಬರು ಕೆಂಪು. ಕಡಲೆಹಿಟ್ಟು, ನೀರು, ಉಪ್ಪು, ಆಲಿವ್ ಎಣ್ಣೆ ಕಲಸಿ ಅಗಲವಾದ ತಾಮ್ರದ ತಟ್ಟೆಯಲ್ಲಿ ಹುಯ್ದು ಕಟ್ಟಿಗೆ ಒಲೆಯಲ್ಲಿ ಸುಡುವ ‘ಫಾರಿನಾತಾ’ ಇಲ್ಲಿನ ಬೀದಿ ತಿಂಡಿ. ಕನ್ನಡದ ನಾಲಿಗೆಗೆ ಒಂದೇ ತುತ್ತಿನಲ್ಲಿ ಹಿಟ್ಟಿನ ಗುರುತು ಸಿಕ್ಕೀತು. ಹಾಡುಗಾರ ಫಾಬ್ರಿತ್ಸಿಯೊ ದೆ ಆಂದ್ರೆ 1967ರಲ್ಲಿ ಇಲ್ಲಿನ ‘ವಿಯಾ ದೆಲ್ ಕಾಂಪೊ’ ಎಂಬ ಬೀದಿಯ ಬಡವರನ್ನೂ ಮೈಮಾರುವ ಹೆಂಗಸರನ್ನೂ ಹಾಡಾಗಿಸಿದ.

ವೆನಿಸ್‌ನ ಓಣಿ ‘ಕಾಲ್ಲೆ’. ಬಿಳಿ ಸುಣ್ಣದ ಚೌಕದಲ್ಲಿ ಕಪ್ಪಕ್ಷರದಿಂದ ಗೋಡೆಯ ಮೇಲೇ ಬರೆದ ಹೆಸರುಗಳು ಹಳೆಯ ಕಸುಬುಗಳನ್ನು ಹೇಳುತ್ತವೆ: ಕಮ್ಮಾರರ ಓಣಿ, ಬಾಣ ಮಾಡುವವರ ಬೀದಿ, ಬ್ರೆಡ್ಡಿನ ಒಲೆಯ ಓಣಿ. ಸುತ್ತ ನೀರಿದ್ದೂ ಕುಡಿಯಲು ಹನಿಯಿಲ್ಲದ ಆ ಊರಿನಲ್ಲಿ ಬಯಲುಗಳ ಕೆಳಗೆ ಮರಳು ತುಂಬಿಸಿ ಮಳೆನೀರು ಸೋಸುವ ಬಾವಿಗಳನ್ನು ಮಾಡಿದ್ದರು. ದಿನಕ್ಕೆರಡು ಸಲ ಗಂಟೆ ಬಾರಿಸಿ ಬಾವಿಯ ಬೀಗ ತೆಗೆಯುತ್ತಿದ್ದರು; ಊರಿನ ಸುದ್ದಿ ಹಂಚಿಕೆಯಾಗುತ್ತಿದ್ದುದು ಆ ಕಟ್ಟೆಯ ಸುತ್ತ. 1884ರಲ್ಲಿ ಕೊಳವೆ ನೀರು ಬಂತು. ಕಟ್ಟೆಗಳು ಉಳಿದಿವೆ, ಬಾಯಿಗೆ ಕಬ್ಬಿಣದ ಮುಚ್ಚಳ ಬಿದ್ದಿದೆ.

ದಕ್ಷಿಣದ ಬಾರಿ ಎಂಬ ಊರಿನ ಹಳೆಯ ಭಾಗದಲ್ಲಿ ‘ಆರ್ಕೊ ಬಾಸ್ಸೊ’ ಎಂಬ ಕಮಾನಿನ ಸುತ್ತ ಹೆಂಗಸರು ಬಾಗಿಲ ಮುಂದೆ ಹಲಗೆ ಹಾಕಿ ಕೂರುತ್ತಾರೆ. ಗಟ್ಟಿ ಗೋಧಿಯ ರವೆ, ನೀರು, ಅಷ್ಟೇ; ಮೊಟ್ಟೆ ಇಲ್ಲ. ನಾದಿದ ಹಿಟ್ಟನ್ನು ಹಗ್ಗದಂತೆ ಹೊಸೆದು, ಚಾಕುವಿನಿಂದ ತುಂಡರಿಸಿ, ಅದೇ ಚಾಕುವಿನ ತುದಿಯಿಂದ ಎಳೆದು, ಹೆಬ್ಬೆರಳಿನ ಮೇಲೆ ಮಗುಚಿದರೆ ಪುಟ್ಟ ಕಿವಿಯ ಆಕಾರ ಬರುತ್ತದೆ. ‘ಒರೆಕ್ಕಿಯೆತ್ತೆ’ ಎಂದರೆ ಪುಟ್ಟ ಕಿವಿಗಳು ಎಂದೇ. ಕೈ ಕಣ್ಣಿಗೆ ಕಾಣದಷ್ಟು ವೇಗ, ಬಾಯಿ ನೆರೆಯವಳ ಜೊತೆ ಮಾತಿನಲ್ಲಿ. ಮರದ ಚೌಕಟ್ಟಿಗೆ ಜಾಲರಿ ಬಿಗಿದ ತಟ್ಟೆಗಳಲ್ಲಿ ಹರವಿ ಓಣಿಯಲ್ಲೇ ಒಣಗಿಸುತ್ತಾರೆ. ಅಮ್ಮನಿಂದ, ಅತ್ತೆಯಿಂದ ಕಲಿತ ಈ ಕೆಲಸ ಮನೆಯ ಊಟಕ್ಕೂ ಆಯಿತು, ಮಿಕ್ಕದ್ದು ಮಾರಾಟಕ್ಕೂ ಆಯಿತು. 2019ರಲ್ಲಿ ಅಧಿಕಾರಿಗಳು ಲೇಬಲ್ ಇಲ್ಲದ ಪಾಸ್ತಾ ಬಳಸಿದ ಹೋಟೆಲೊಂದನ್ನು ಹಿಡಿದಾಗ ಇಡೀ ಓಣಿ ಗಾಬರಿಯಾಯಿತು: ಪರವಾನಗಿ, ರಶೀದಿ, ಆಹಾರ ತಪಾಸಣೆ ಎಲ್ಲ ತಮಗೂ ಬಂದರೆ? 2024ರ ಹೊತ್ತಿಗೆ ತಕರಾರು ಇನ್ನೊಂದು ದಿಕ್ಕಿನಿಂದ ಎದ್ದಿತು. ಪ್ರವಾಸಿಗರ ದಂಡಿಗೆ ಕೈಯಿಂದ ಮಾಡಿದ್ದು ಸಾಲದೆ ಕೆಲವರು ಕಾರ್ಖಾನೆಯ ಪಾಸ್ತಾವನ್ನೇ ಮಾರುತ್ತಿದ್ದಾರೆಂಬ ದೂರು ತನಿಖೆಯವರೆಗೂ ಹೋಯಿತು. ಹೋಟೆಲಿನ ಊಟಕ್ಕೆ ಕಾನೂನು ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಅಡುಗೆಮನೆ ಎಲ್ಲಿ ಮುಗಿಯಿತು, ಅಂಗಡಿ ಎಲ್ಲಿ ಶುರುವಾಯಿತು ಎಂದು ಗೆರೆ ಎಳೆಯಲಾಗದ ಜಾಗಕ್ಕೆ ಹೋಟೆಲಿನ ಕಾನೂನನ್ನು ಹಾಗೆಯೇ ಹೊರಿಸಿದರೆ ಹಲಗೆ ಒಳಗೆ ಹೋಗುತ್ತದೆ, ಬಾಗಿಲು ಮುಚ್ಚುತ್ತದೆ.

ಈ ಚಿತ್ರಗಳೆಲ್ಲ ಹಿತವಾದವು. ಆದ್ದರಿಂದಲೇ ಇನ್ನೊಂದು ಮುಖವನ್ನು ಬಿಡದೆ ಹೇಳಬೇಕು.

1884ರಲ್ಲಿ ನೇಪಲ್ಸ್‌ಗೆ ಕಾಲರಾ ಬಂತು. ಸುಮಾರು 7 ಸಾವಿರ ಜನ ಸತ್ತರು. ಹೆಚ್ಚಿನವರು ಬಂದರಿನ ಹತ್ತಿರದ ತಗ್ಗು ಓಣಿಗಳವರು, ಬಾಸ್ಸೊಗಳಲ್ಲಿ ಇದ್ದವರು. ಬಚ್ಚಲ ನೀರೂ ಕುಡಿಯುವ ನೀರೂ ಪಕ್ಕಪಕ್ಕದಲ್ಲಿ ಹರಿಯುತ್ತಿದ್ದ ಜಾಗ ಅದು. ಪ್ರಧಾನಿ ಅಗೋಸ್ತೀನೊ ದೆಪ್ರೆತಿಸ್ ಊರಿನ ಹೊಟ್ಟೆಯನ್ನೇ ಬಗೆದು ತೆಗೆಯಬೇಕೆಂದ. ಆಗ ಇಪ್ಪತ್ತೆಂಟರ ಹರೆಯದ ಪತ್ರಕರ್ತೆ ಮತಿಲ್ದೆ ಸೆರಾವೊ ಆ ಮಾತನ್ನೇ ಹಿಡಿದು ಲೇಖನಮಾಲೆ ಬರೆದಳು: ‘ಇಲ್ ವೆಂತ್ರೆ ದಿ ನಾಪೋಲಿ’, ನೇಪಲ್ಸ್‌ನ ಹೊಟ್ಟೆ. ಒಂದು ಕಾಸಿಗೆ ಏನು ಊಟ ಸಿಗುತ್ತದೆ, ದುಡಿಯುವ ಹೆಣ್ಣು ಎಷ್ಟು ಬೇಗ ಮುದುಕಿಯಾಗುತ್ತಾಳೆ, ಬಡ್ಡಿಯವರ ಕೈಗೆ ಹೇಗೆ ಸಿಕ್ಕಿಬೀಳುತ್ತಾಳೆ, ತನಗೇ ಇಲ್ಲದಾಗ ನೆರೆಯವಳ ಮಗುವನ್ನು ಹೇಗೆ ಸಾಕುತ್ತಾಳೆ ಎಂದೆಲ್ಲ ಆಳುವವರಿಗೆ ತಿಳಿಹೇಳಿದಳು. ಓಣಿಯನ್ನು ಒಳಗಿನಿಂದ ಕಂಡು ಬರೆದ ಪುಸ್ತಕಗಳಲ್ಲಿ ಅದಕ್ಕೆ ಮೊದಲ ಸಾಲಿನ ಜಾಗ.

1885ರಲ್ಲಿ ಕಾನೂನು ಆಯಿತು. ಹಳೆಯ ಕೇರಿಗಳ ನಡುವೆ ಸೀಳಿಕೊಂಡು ಅಗಲ ರಸ್ತೆ ಬಂತು, ಅದರ ಇಕ್ಕೆಲಗಳಲ್ಲಿ ದೊಡ್ಡ ದೊಡ್ಡ ಕಟ್ಟಡಗಳು ಬಂದವು. ಹೊಸ ಮನೆಗಳ ಬಾಡಿಗೆ ಹಳೆಯ ಬಾಡಿಗೆದಾರರ ಕೈಗೆ ಎಟುಕಲಿಲ್ಲ. ಇಪ್ಪತ್ತು ವರ್ಷದ ಮೇಲೆ ಸೆರಾವೊ ಮತ್ತೆ ಹೋಗಿ ನೋಡಿದಾಗ ಕಂಡದ್ದು ಇಷ್ಟು: ಆ ಭವ್ಯ ರಸ್ತೆ ಒಂದು ಪರದೆ, ಅದರ ಹಿಂದೆ ಹತ್ತು ಹೆಜ್ಜೆ ಇಟ್ಟರೆ ಅದೇ ಓಣಿ, ಅದೇ ಕತ್ತಲು, ಮೊದಲಿಗಿಂತ ಹೆಚ್ಚು ಜನ.

ಮತೇರಾದ ಪಾಠ ಇನ್ನೂ ಕಠಿಣ. ದಕ್ಷಿಣದ ಬಸಿಲಿಕಾತಾ ಸೀಮೆಯ ಈ ಊರಿನಲ್ಲಿ ಜನ ಬಂಡೆ ಕೊರೆದ ಗುಹೆಮನೆಗಳಲ್ಲಿ ಹೇಸರಗತ್ತೆ, ಹಂದಿ, ಕೋಳಿಗಳ ಜೊತೆ ಬದುಕುತ್ತಿದ್ದರು. ಕಾರ್ಲೊ ಲೇವಿಯ ‘ಕ್ರಿಸ್ತ ಎಬೋಲಿಯಲ್ಲೇ ನಿಂತ’ ಎಂಬ ಅರ್ಥದ ಹೆಸರಿನ ಕೃತಿ 1945ರಲ್ಲಿ ಬಂದ ಮೇಲೆ ಮಲೇರಿಯಾದಿಂದ ನರಳುವ ಅಲ್ಲಿನ ಮಕ್ಕಳ ಸ್ಥಿತಿ ದೇಶಕ್ಕೆ ತಿಳಿಯಿತು. 1952ರ ಕಾನೂನಿನಂತೆ ಸುಮಾರು 15 ಸಾವಿರ ಜನರನ್ನು ಅಲ್ಲಿಂದ ಎಬ್ಬಿಸಿ ಹೊಸ ಬಡಾವಣೆಗಳಿಗೆ ಕಳಿಸಿದರು. ಹೊಸ ಮನೆಯಲ್ಲಿ ನೀರಿತ್ತು, ಬೆಳಕಿತ್ತು, ಪಾಯಿಖಾನೆ ಇತ್ತು. ಇವು ಸಣ್ಣ ಮಾತುಗಳಲ್ಲ. ಗುಹೆಯಲ್ಲಿ ಮಗುವನ್ನು ಕಳೆದುಕೊಂಡ ತಾಯಿಯ ಮುಂದೆ ಹಳೆಯ ಬದುಕಿನ ಚೆಲುವನ್ನು ಹೊಗಳುವ ಹಕ್ಕು ಯಾರಿಗೂ ಇಲ್ಲ. ಆದರೂ ಒಂದನ್ನು ಹೊಸ ಬಡಾವಣೆಗೆ ಹೊತ್ತೊಯ್ಯಲು ಆಗಲಿಲ್ಲ. ಅದು ‘ವಿಚಿನಾತೊ’: ಹತ್ತಾರು ಗುಹೆಮನೆಗಳ ಬಾಗಿಲು ತೆರೆದುಕೊಳ್ಳುತ್ತಿದ್ದ ಒಂದೇ ಅಂಗಳ, ನಡುವೆ ಒಂದು ನೀರಿನ ತೊಟ್ಟಿ. ಬಾಣಂತನ, ಹಿಟ್ಟಿನ ಸಾಲ, ಸಾವಿನ ಮನೆಗೆ ಊಟ ಎಲ್ಲವೂ ಆ ಅಂಗಳದ ಹೊಣೆಯಾಗಿತ್ತು. ಇದನ್ನು ಅರಿತ ಸಮಾಜಶಾಸ್ತ್ರಜ್ಞರೂ ವಾಸ್ತುಶಿಲ್ಪಿಗಳೂ ಇದ್ದರು. ಲುದೊವಿಕೊ ಕ್ವರೋನಿ ಮತ್ತು ಜೊತೆಗಾರರು ‘ಲಾ ಮಾರ್ತೆಲ್ಲಾ’ ಎಂಬ ಹೊಸ ಹಳ್ಳಿಯಲ್ಲಿ ಮನೆಗಳನ್ನು ನೆರೆಹೊರೆಯ ಗುಂಪುಗಳಾಗಿ ಹೊಂದಿಸಿದರು. ಗೋಡೆಗಳು ಹೊಂದಿಕೊಂಡವು, ಜನ ಚದುರಿಹೋಗಿದ್ದರು. ಖಾಲಿಯಾದ ಗುಹೆಗಳು 1993ರಲ್ಲಿ ಯುನೆಸ್ಕೊ ಪಟ್ಟಿ ಸೇರಿದವು. 2019ರಲ್ಲಿ ಮತೇರಾ ಯುರೋಪಿನ ಸಾಂಸ್ಕೃತಿಕ ರಾಜಧಾನಿಯಾಯಿತು. ಒಂದು ಕಾಲಕ್ಕೆ ದೇಶದ ನಾಚಿಕೆ ಎನಿಸಿದ್ದ ಗುಹೆಗಳಲ್ಲಿ ಕೆಲವು ಈಗ ದುಬಾರಿ ಹೋಟೆಲು ಕೋಣೆಗಳು.

ಓಣಿಯ ಒಗ್ಗಟ್ಟಿಗೂ ಕತ್ತಲ ಬದಿಯಿದೆ. ಎಲ್ಲರ ಮಕ್ಕಳ ಮೇಲೆ ಕಣ್ಣಿಡುವ ಬಾಲ್ಕನಿಗಳೇ ಪೊಲೀಸರು ಬಂದಾಗ ಕಳ್ಳಸಾಗಣೆಯವರಿಗೆ ಸುದ್ದಿ ಮುಟ್ಟಿಸುತ್ತಿದ್ದವು. ದೆ ಸಿಕಾನ 1963ರ ‘ಯೆರಿ, ಒಜ್ಜಿ, ದೊಮಾನಿ’ ಚಿತ್ರದಲ್ಲಿ ಕಳ್ಳ ಸಿಗರೇಟು ಮಾರುವ, ನೇಪಲ್ಸ್‌ನ ಫೊರ್ಚೆಲ್ಲಾ ಕೇರಿಯ ಹೆಂಗಸು ಜೈಲು ತಪ್ಪಿಸಿಕೊಳ್ಳಲು ಮೇಲಿಂದ ಮೇಲೆ ಬಸುರಿಯಾಗುತ್ತಾಳೆ, ಓಣಿಯ ಜನ ಅವಳಿಗಾಗಿ ಚಂದಾ ಎತ್ತುತ್ತಾರೆ. ನಗಿಸುವ ಆ ಕಥೆಯ ಹಿಂದೆ ಇದ್ದುದು ಕೆಲಸವಿಲ್ಲದ ನಗರ. ಎದುವಾರ್ದೊ ದೆ ಫಿಲಿಪ್ಪೊನ 1945ರ ನಾಟಕ ‘ನಾಪೋಲಿ ಮಿಲಿಯೊನಾರಿಯಾ’ ಬಾಸ್ಸೊ ಒಂದರೊಳಗೇ ನಡೆಯುತ್ತದೆ. ಯುದ್ಧದ ಕಾಳಸಂತೆ ಒಂದು ಕುಟುಂಬವನ್ನು ಹೇಗೆ ಒಳಗಿನಿಂದ ತಿಂದಿತೆಂದು ಅದು ತೋರಿಸುತ್ತದೆ. ಸಿಗರೇಟಿನ ಜಾಗಕ್ಕೆ ಮಾದಕವಸ್ತು ಬಂದಾಗ, ಕಮೋರ್ರಾ ಎಂಬ ಮಾಫಿಯಾ ಗುಂಪುಗಳು ಹುಡುಗರನ್ನು ಸೆಳೆದುಕೊಂಡಾಗ ಓಣಿಯ ಮೌನಕ್ಕೆ ತೆತ್ತ ಬೆಲೆ ದೊಡ್ಡದು.

ಹೊರಗಿನವರ ನೋಟವೂ ಓಣಿಯನ್ನು ರೂಪಿಸಿದೆ. ಜರ್ಮನ್ ಚಿಂತಕ ವಾಲ್ಟರ್ ಬೆಂಜಮಿನ್ ಮತ್ತು ಲಾತ್ವಿಯಾದ ರಂಗಕರ್ಮಿ ಆಸ್ಯಾ ಲಾಸಿಸ್ 1925ರಲ್ಲಿ ಪ್ರಕಟಿಸಿದ ಲೇಖನದಲ್ಲಿ ನೇಪಲ್ಸನ್ನು ತೂತುತೂತಾದ ಊರು ಎಂದರು. ಮೃದುಗಲ್ಲಿನಲ್ಲಿ ಗಾಳಿ ನೀರು ಆಡುವಂತೆ ಒಳಗಿನದು ಹೊರಗೆ, ಹೊರಗಿನದು ಒಳಗೆ ಹರಿಯುತ್ತದೆ ಎಂಬುದು ಅವರ ಗ್ರಹಿಕೆ. ಸೊಗಸಾದ ಮಾತು, ಊರಿನ ಕಲ್ಲಿನಿಂದಲೇ ಎತ್ತಿಕೊಂಡದ್ದು. ಆದರೆ ಸೆರಾವೊ ಲೆಕ್ಕ ಹಾಕಿದ ಬ್ರೆಡ್ಡಿನ ಬೆಲೆ, ಬಾಡಿಗೆಯ ಮೊತ್ತ ಆ ಲೇಖನದ ಮುಖ್ಯ ಕಾಳಜಿಯಲ್ಲ. ಮುಂದೆ ಓಣಿಯನ್ನು ಮೆಚ್ಚಿಕೊಂಡ ಬಹಳಷ್ಟು ಬರಹ ಈ ಹಾದಿ ಹಿಡಿಯಿತು.

ಈಗ ಓಣಿಯಲ್ಲಿ ಉಳಿದವರು ಯಾರು? ನೇಪಲ್ಸ್‌ನಲ್ಲಿ 1980ರ ಭೂಕಂಪದ ಬಳಿಕ ಸಾವಿರಾರು ಕುಟುಂಬಗಳು ನಗರದಂಚಿನ ಕಾಂಕ್ರೀಟು ಬ್ಲಾಕುಗಳಿಗೆ ಹೋದವು. ತೆರವಾದ ಬಾಸ್ಸೊಗಳಿಗೆ ಶ್ರೀಲಂಕಾದವರು ಬಂದರು, ಅಕ್ಕಿ ಮತ್ತು ಮಸಾಲೆಯ ಅಂಗಡಿ ತೆರೆದರು. ಪಲೆರ್ಮೊದ ಬಲ್ಲರೊ ಸಂತೆಯಲ್ಲಿ ಸಿಸಿಲಿಯ ವ್ಯಾಪಾರಿಗಳ ರಾಗದ ಕೂಗಿನ ಪಕ್ಕದಲ್ಲೇ ಬಾಂಗ್ಲಾದೇಶದ, ಆಫ್ರಿಕಾದ ವ್ಯಾಪಾರಿಗಳಿದ್ದಾರೆ. ಅದೇ ಊರಿನ ತಮಿಳು ಹಿಂದೂಗಳು ನಗರದ ಕಾವಲುದೇವತೆಯಂತಿರುವ ಸಂತ ರೊಸಾಲಿಯಾಳ ಬೆಟ್ಟಕ್ಕೆ ಹರಕೆ ಹೊತ್ತು ಹತ್ತುತ್ತಾರೆ. ಹಳೆಯ ಓಣಿ ತನ್ನ ಹಳೆಯ ಗುಣವನ್ನು ಕಾಪಾಡಿಕೊಂಡಿರುವುದು ಎಲ್ಲಿ ಎಂದು ಹುಡುಕಿದರೆ ಬಹಳ ಕಡೆ ಇಂಥ ಹೊಸಬರ ಬಾಗಿಲಲ್ಲೇ ಅದು ಸಿಗುತ್ತದೆ. ಕುರ್ಚಿ ಹೊರಗೆ, ಮಕ್ಕಳು ಹೊರಗೆ, ಒಲೆಯ ವಾಸನೆ ಬೀದಿಗೆ.

ಇವರ ಮುಂದೆಯೂ ಈಗ ಓಣಿ ಬಿಟ್ಟು ಹೋಗಬೇಕಾದ ಗಂಡಾಂತರ. ದಿನದ ಲೆಕ್ಕದಲ್ಲಿ ಪ್ರವಾಸಿಗರಿಗೆ ಬಾಡಿಗೆ ಕೊಟ್ಟರೆ ಬರುವ ಹಣ ವರ್ಷದ ಬಾಡಿಗೆದಾರನಿಂದ ಬರುವುದಿಲ್ಲ. ವೆನಿಸ್‌ನ ಹಳೆಯ ನಗರದಲ್ಲಿ 1951ರಲ್ಲಿ ಸುಮಾರು 1 ಲಕ್ಷ 74 ಸಾವಿರ ಜನ ಇದ್ದರು. 2022ರಲ್ಲಿ ಆ ಸಂಖ್ಯೆ 50 ಸಾವಿರಕ್ಕಿಂತ ಕೆಳಗಿಳಿಯಿತು. ಮರುವರ್ಷವೇ ಪ್ರವಾಸಿಗರ ಹಾಸಿಗೆಗಳು ನಿವಾಸಿಗಳ ಸಂಖ್ಯೆಯನ್ನು ದಾಟಿದವು ಎಂದು ಊರಿನ ನಾಗರಿಕ ಗುಂಪು ಎಣಿಸಿ ಹೇಳಿತು. 2024ರ ಏಪ್ರಿಲ್ 25ರಿಂದ ಕೆಲವು ದಿನಗಳಲ್ಲಿ ಹಗಲು ಪ್ರವಾಸಿಗರಿಗೆ ಪ್ರವೇಶಧನ ಹಾಕಿದರು; ಆ ವರ್ಷ ಅದು 5 ಯೂರೊ ಇತ್ತು. ಚಿವಿತಾ ದಿ ಬಾನ್ಯೊರೆಜ್ಜೊ ಎಂಬ ಗುಡ್ಡದ ಊರು ಈ ಕೆಲಸವನ್ನು 2013ರಲ್ಲೇ ಮಾಡಿತ್ತು. ಅಲ್ಲಿ ಕಾಯಂ ವಾಸಿಗಳು ಬೆರಳೆಣಿಕೆಯಷ್ಟೇ. ಟಿಕೆಟಿನ ಹಣದಿಂದ ಗುಡ್ಡದ ರಿಪೇರಿಯಾಗಬಹುದು, ಮುಚ್ಚಿದ ಶಾಲೆ ತೆರೆಯುವುದಿಲ್ಲ. ನೇಪಲ್ಸ್‌ನ ಸ್ಪೇನಿನವರ ಕೇರಿಯಲ್ಲಿ 1990ರಲ್ಲಿ ಬರೆದ ಫುಟ್‌ಬಾಲ್ ಆಟಗಾರ ಮರಡೋನಾನ ದೊಡ್ಡ ಗೋಡೆಚಿತ್ರ ಅವನು 2020ರಲ್ಲಿ ತೀರಿಕೊಂಡ ಮೇಲೆ ಯಾತ್ರಾಸ್ಥಳವಾಯಿತು. ಟ್ಯಾಕ್ಸಿಯವರು ಹೋಗಲು ಹಿಂಜರಿಯುತ್ತಿದ್ದ ಕೇರಿಗೆ ಈಗ ಹೆಜ್ಜೆಯಿಡಲು ಜಾಗವಿಲ್ಲ. ನಿರುದ್ಯೋಗಿ ಹುಡುಗರಿಗೆ ಕೆಲಸ ಸಿಕ್ಕಿದೆ, ಇದು ಒಳ್ಳೆಯದೇ. ಅದೇ ಹುಡುಗ ಮದುವೆಯಾಗಿ ಅದೇ ಓಣಿಯಲ್ಲಿ ಮನೆ ಹುಡುಕಿದರೆ ಬಾಡಿಗೆ ಅವನ ಸಂಬಳಕ್ಕೆ ಹೊಂದುವುದಿಲ್ಲ.

ಬೇರೆ ದಾರಿ ಇರಲಿಲ್ಲವೇ ಎಂದರೆ, ಇತ್ತು; ನಡೆದೂ ತೋರಿಸಿದ್ದಾರೆ. ಬೊಲೋನ್ಯಾ ನಗರಸಭೆ 1973ರಲ್ಲಿ ವಾಸ್ತುಶಿಲ್ಪಿ ಪಿಯೆರ್ ಲುಯಿಜಿ ಚೆರ್ವೆಲ್ಲಾತಿಯ ಮುಂದಾಳ್ತನದಲ್ಲಿ ಒಂದು ಯೋಜನೆ ಹಾಕಿತು. ಬಡವರಿಗೆ ಮನೆ ಕಟ್ಟುವ ಸರ್ಕಾರಿ ಹಣವನ್ನು ಊರ ಹೊರಗಿನ ಹೊಸ ಬ್ಲಾಕುಗಳಿಗೆ ಸುರಿಯುವ ಬದಲು ಹಳೆಯ ಕೇರಿಗಳ ದುರಸ್ತಿಗೆ ಬಳಸುವುದು, ಕೆಲಸ ನಡೆಯುವಾಗ ಬಾಡಿಗೆದಾರರಿಗೆ ಹತ್ತಿರದಲ್ಲೇ ತಾತ್ಕಾಲಿಕ ವಸತಿ ಕೊಡುವುದು, ಮುಗಿದ ಮೇಲೆ ಅವರನ್ನೇ ಕೈಗೆಟುಕುವ ಬಾಡಿಗೆಗೆ ಮರಳಿ ಕರೆತರುವುದು. ಕಟ್ಟಡದಷ್ಟೇ ಅದರೊಳಗಿನ ಮನುಷ್ಯನೂ ಪರಂಪರೆ ಎಂಬುದು ಅದರ ತಿರುಳು. ಎಲ್ಲ ಅಂದುಕೊಂಡಂತೆ ನಡೆಯಲಿಲ್ಲ. ಖಾಸಗಿ ಮಾಲೀಕರ ವಿರೋಧದಿಂದ ಯೋಜನೆಯನ್ನು ಮೊಟಕುಗೊಳಿಸಬೇಕಾಯಿತು. ಇಂದು ಬೊಲೋನ್ಯಾದಲ್ಲೂ ಬಾಡಿಗೆಯ ಸಂಕಟವಿದೆ. ಆದರೂ ಕಾಲರಾ ನಂತರದ ನೇಪಲ್ಸ್, ತೆರವಾದ ಮತೇರಾ, ಬರಿದಾಗುತ್ತಿರುವ ವೆನಿಸ್ ಈ ಮೂರರ ಪಕ್ಕದಲ್ಲಿಟ್ಟು ನೋಡಿದರೆ ಸರಿಯಾದ ಪ್ರಶ್ನೆ ಕೇಳಿದ್ದು ಬೊಲೋನ್ಯಾ ಒಂದೇ. ಫ್ಲಾರೆನ್ಸ್ ಹಳೆಯ ನಗರದೊಳಗೆ ಹೊಸ ಪ್ರವಾಸಿ ಬಾಡಿಗೆಗಳನ್ನು ತಡೆಯಲು 2023ರಿಂದ ಹೆಣಗುತ್ತಿರುವುದೂ ತಡವಾಗಿ ಬಂದ ಅದೇ ಅರಿವು.

ಸಿಯೆನಾ ಊರಿನ 17 ‘ಕೊಂತ್ರಾದಾ’ಗಳದು ತುಸು ಬೇರೆಯೇ ಬಗೆಯ ಉತ್ತರ. ಇವು ಕೇರಿಗಳು, 1729ರಲ್ಲಿ ಗುರುತಿಸಿದ ಗಡಿಗಳೇ ಇವತ್ತಿಗೂ. ಪ್ರತಿ ಕೇರಿಗೂ ತನ್ನ ಬಾವುಟ, ಚರ್ಚು, ಕಾರಂಜಿ. ಹುಟ್ಟಿದ ಮಗುವಿಗೆ ಚರ್ಚಿನ ದೀಕ್ಷೆಯ ಜೊತೆಗೆ ಕೇರಿಯ ಕಾರಂಜಿಯ ನೀರಿನಿಂದ ಕೇರಿಯ ದೀಕ್ಷೆಯೂ ಆಗುತ್ತದೆ. ಮನೆ ಕೋಟೆಯ ಹೊರಗಿನ ಬಡಾವಣೆಯಲ್ಲಿದ್ದರೂ ಊಟಕ್ಕೆ, ಸಭೆಗೆ, ಜುಲೈ 2 ಮತ್ತು ಆಗಸ್ಟ್ 16ರ ಕುದುರೆ ಪಂದ್ಯಕ್ಕೆ ಜನ ತಮ್ಮ ಕೇರಿಗೇ ಬರುತ್ತಾರೆ. ಬೀದಿಯುದ್ದಕ್ಕೂ ಮೇಜು ಹಾಕಿ ನೂರಾರು ಮಂದಿ ಒಟ್ಟಿಗೆ ಉಣ್ಣುತ್ತಾರೆ. ಬಡಿಸುವವರು ಕೇರಿಯ ಹುಡುಗ ಹುಡುಗಿಯರೇ. ಇರುವ ಮನೆ ಹೋದ ಮೇಲೂ ಸೇರುವ ಜಾಗವನ್ನು ಹಿಡಿದಿಟ್ಟುಕೊಂಡವರು ಇವರು.

ಬೆಂಗಳೂರಿನಿಂದ, ಮಂಗಳೂರಿನಿಂದ ರಜೆಗೆ ಇಟಲಿಗೆ ಹೋಗುವವರು ಈಗ ಕಡಿಮೆಯೇನಲ್ಲ. ಅವರಿಗೆ ಒಂದು ಕೋರಿಕೆ. ಓಣಿಯ ಮನೆಯೊಂದನ್ನು ಮೂರು ದಿನಕ್ಕೆ ಹಿಡಿಯುವ ಬದಲು ಹೋಟೆಲಿನಲ್ಲಿ ಇಳಿದುಕೊಳ್ಳಿ. ಬ್ರೆಡ್ಡು, ಹಣ್ಣು ಓಣಿಯ ಅಂಗಡಿಯಲ್ಲೇ ಕೊಳ್ಳಿ. ತೆರೆದ ಬಾಗಿಲಿನೊಳಗೆ ಕಾಣುವುದು ಒಬ್ಬರ ಮಲಗುವ ಕೋಣೆ; ಫೋಟೊ ತೆಗೆಯುವ ಮೊದಲು ಕೇಳಿ, ಬೇಡವೆಂದರೆ ಮೊಬೈಲು ಜೇಬಿಗೆ ಹಾಕಿ. ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಗಾಲಿಯ ಸೂಟ್‌ಕೇಸನ್ನು ಕಲ್ಲುಹಾಸಿನ ಮೇಲೆ ಎಳೆಯಬೇಡಿ, ಕೈಯಲ್ಲಿ ಎತ್ತಿಕೊಂಡು ನಡೆಯಿರಿ. ಆ ಬಾಗಿಲಿನ ಹಿಂದೆ ಯಾರೋ ಮಲಗಿರುತ್ತಾರೆ.